ಅರ್ಧ ಸ್ಟಾಪಿನಲ್ಲಿ ಇಳಿಯುವುದು ಹೇಗೆ?

ನಮ್ಮ ಮಟ್ಟಿಗೆ ಸ್ಟಾಪ್ ಎಂದರೆ ಊರಿನ ಒಂದು ಜಾಗ. ಆಲದಮರದ ಸ್ಟಾಪು, ಆಸ್ಪತ್ರೆ ಸ್ಟಾಪು, ಹೈಸ್ಕೂಲು ಸ್ಟಾಪು. ಬಸ್ಸು ನಿಲ್ಲಿಸಬೇಕಾದಾಗ ಕಂಡಕ್ಟರು ‘ಸ್ಟಾಪ್’ ಎಂದು ಕೂಗಿದ್ದನ್ನು ನಾನಂತೂ ಕೇಳಿಲ್ಲ. ಆತ ‘ಹೋಲ್ಡಾನ್’ ಎನ್ನುತ್ತಾನೆ, ಹೊರಡುವಾಗ ‘ರೈಟ್’ ಎನ್ನುತ್ತಾನೆ. ನಿಲ್ಲಿಸುವ ಕೆಲಸವನ್ನು ಹೋಲ್ಡಾನಿಗೆ ಬಿಟ್ಟುಕೊಟ್ಟು ಸ್ಟಾಪು ನಮ್ಮಲ್ಲಿ ನಾಮಪದವಾಗಿ ಆರಾಮಾಗಿ ಕೂತಿದೆ. ಹೀಗಾಗಿ ಎಸ್ಸೆಸ್ಸೆಲ್ಸಿ ಮುಗಿಸಿ ಒಂದು ಫೋಟೊ ಸ್ಟುಡಿಯೊದಲ್ಲಿ ಕೆಲಸಕ್ಕೆ ಸೇರಿದ ವಾರವೇ ಯಜಮಾನರು ‘ಅರ್ಧ ಸ್ಟಾಪು ಜಾಸ್ತಿಯಾಗಿದೆ ಕಣೋ’ ಎಂದಾಗ ನನಗೆ ತಲೆಬುಡ ತಿಳಿಯಲಿಲ್ಲ. ಅರ್ಧ ಸ್ಟಾಪಿನಲ್ಲಿ ಯಾರು ಇಳಿಯುತ್ತಾರೆ?

ಅದೇ ಸ್ಟುಡಿಯೊದ ಕತ್ತಲೆ ಕೋಣೆಯಲ್ಲಿ ಇನ್ನೊಂದು ಸ್ಟಾಪು ಇತ್ತು. ಡೆವಲಪರಿನಿಂದ ಎತ್ತಿದ ಕಾಗದವನ್ನು ಅದ್ದುವ ‘ಸ್ಟಾಪ್ ಬಾತ್’, ಮೂಗಿಗೆ ಅಡರುವ ವಿನೆಗರ್ ವಾಸನೆಯ ಅಸಿಟಿಕ್ ಆಮ್ಲ. ಅದು ನಿಜವಾಗಿಯೂ ನಿಲ್ಲಿಸುತ್ತಿತ್ತು. ಚಿತ್ರ ಮೂಡುವುದು ಅಲ್ಲಿಗೆ ಬಂದ್. ಒಂದೇ ಅಂಗಡಿಯಲ್ಲಿ ಎರಡು ಸ್ಟಾಪು, ಒಂದಕ್ಕೊಂದು ಮುಖ ನೋಡದ ದಾಯಾದಿಗಳ ಹಾಗೆ.

ಆ ಮೊದಲನೆಯ ಸ್ಟಾಪು ಅರ್ಥವಾದದ್ದು ತಪ್ಪು ಮಾಡಿದ ಮೇಲೆ. ಒಂದು ಮದುವೆ, ಬೆಳಗಿನ ಜಾವದ ಮುಹೂರ್ತ, ಛತ್ರಕ್ಕೆಲ್ಲ ಸೇರಿ ನಾಲ್ಕು ಟ್ಯೂಬ್‌ಲೈಟು. ನಮ್ಮ ಫ್ಲ್ಯಾಶಿನ ಬಲ ಹೇಳುವ ಗೈಡ್ ನಂಬರ್ 80, ಅಡಿಯ ಲೆಕ್ಕದಲ್ಲಿ, 100ರ ಫಿಲ್ಮಿಗೆ. ಹತ್ತಡಿ ದೂರಕ್ಕೆ ಲೆನ್ಸಿನ ಉಂಗುರ ಎಂಟರಲ್ಲಿ ಎಂದು ಯಜಮಾನರು ಬಾಯಿಪಾಠ ಮಾಡಿಸಿದ್ದರು. ಧಾರೆ ಮುಗಿಯುವ ತನಕ ಎಲ್ಲವೂ ಹತ್ತಡಿಯಲ್ಲೇ ನಡೆಯಿತು. ಆಮೇಲೆ ಬೀಗರ ಗ್ರೂಪ್ ಫೋಟೊ. ಕ್ಯಾಮೆರಾವನ್ನು ನನ್ನ ಕೈಗೆ ಕೊಟ್ಟು, ತಾವು ಜನರನ್ನು ಜೋಡಿಸುತ್ತ, ಆ ಗದ್ದಲದಲ್ಲಿ ‘ನಾಲ್ಕಡಿ ಹಿಂದಕ್ಕೆ ಹೋಗು, ಒಂದು ಸ್ಟಾಪು ಇಳಿಸು’ ಎಂದರು. ನಾನೋ ಪುಸ್ತಕ ಓದಿ ಬಂದವನು. ‘ಸ್ಟಾಪ್ ಡೌನ್’ ಎಂದರೆ ಲೆನ್ಸಿನ ಕಂಡಿಯನ್ನು ಕಿರಿದು ಮಾಡುವುದು ಎಂದು ಓದಿದ್ದೆ. ಎಂಟರಿಂದ ಹನ್ನೊಂದಕ್ಕೆ ತಿರುಗಿಸಿದೆ. ಅವರು ಹೇಳಿದ್ದು ಅಂಕಿಯನ್ನು ಇಳಿಸು ಎಂದು, ಎಂಟರಿಂದ 5.6ಕ್ಕೆ. ಬೇಕಾದದ್ದು 5.6, ಇಟ್ಟದ್ದು 11. ನಡುವೆ ಎರಡು ಸ್ಟಾಪು, ಅಂದರೆ ಫಿಲ್ಮಿಗೆ ಸಿಕ್ಕಿದ್ದು ಬೇಕಾದ ಬೆಳಕಿನ ಕಾಲು ಭಾಗ. ಪ್ರಿಂಟು ಬಂದಾಗ ಬೀಗರೆಲ್ಲ ಕರೆಂಟು ಹೋದ ಮನೆಯಲ್ಲಿ ನಿಂತ ಹಾಗಿದ್ದರು. ಸೀರೆಯ ಜರಿ ಮಾತ್ರ ಅಲ್ಲಲ್ಲಿ ಮಿಣಮಿಣ ಅನ್ನುತ್ತಿತ್ತು.

ಬೈಗುಳ ತಿಂದದ್ದು ನಾನೇ. ಆದರೆ ತಪ್ಪಿನಲ್ಲಿ ಆ ಪದಕ್ಕೂ ಪಾಲಿದೆ ಎಂಬ ಗುಮಾನಿ ಅಂದಿನಿಂದ ಉಳಿಯಿತು. ಇಷ್ಟು ವರ್ಷಗಳಲ್ಲಿ ಅದರ ಜಾತಕ ಹುಡುಕಿದಷ್ಟೂ ಗುಮಾನಿ ಗಟ್ಟಿಯಾಗಿದೆ.

ಸ್ಟಾಪ್ ಹುಟ್ಟಿದ್ದು ನಿಲ್ಲಿಸುವುದಕ್ಕಲ್ಲ, ತುರುಕುವುದಕ್ಕೆ. ಲ್ಯಾಟಿನ್ನಿನಲ್ಲಿ ‘ಸ್ಟುಪ್ಪಾ’ ಎಂದರೆ ಅಗಸೆಯ ಒರಟು ನಾರು. ಅಲ್ಲಿಗೂ ಅದು ಗ್ರೀಕಿನಿಂದ ಬಂದದ್ದು. ಆ ನಾರನ್ನು ಉಂಡೆ ಮಾಡಿ ಸಂದಿಗೆ ತುರುಕಿ ಮುಚ್ಚುವುದಕ್ಕೆ ‘ಸ್ಟುಪ್ಪಾರೆ’. ನಮ್ಮ ಕರಾವಳಿಯಲ್ಲಿ ಹಗ್ಗದಿಂದ ಹೊಲಿದ ದೋಣಿಗಳ ಹಲಗೆ ಸಂದಿಗೆ ತೆಂಗಿನ ನಾರು ತುಂಬುತ್ತಿದ್ದರಲ್ಲ, ಅದೇ ಜಾತಿಯ ಕೆಲಸ. ಹಳೆಯ ಇಂಗ್ಲಿಷಿಗೆ ಬಂದಾಗ ಅದು ಕಿವಿ ಮುಚ್ಚಿಕೊಳ್ಳುವ ಮಾತಿನಲ್ಲಿ ಕಾಣಿಸಿಕೊಂಡಿತು. ತೂತು ಮುಚ್ಚಿದರೆ ಹರಿಯುವುದು ನಿಲ್ಲುತ್ತದೆ. ಆ ನಿಲ್ಲುವಿಕೆಗೇ ಸ್ಟಾಪ್ ಎಂಬ ಹೆಸರು ಅಂಟಿದ್ದು 15ನೇ ಶತಮಾನದಲ್ಲಿ. ಬಾಟಲಿಯ ‘ಸ್ಟಾಪರ್’ ಮಾತ್ರ ಇವತ್ತಿಗೂ ಅಜ್ಜನ ಕಸುಬನ್ನೇ ಮಾಡಿಕೊಂಡಿದೆ. ಅದಕ್ಕೆ ನಾವು ಬೂಚು ಎನ್ನುತ್ತೇವೆ (ಬೂಚೂ ನಮ್ಮದಲ್ಲ, ಪೋರ್ಚುಗೀಸರ ಕೊಡುಗೆ). ಅಚ್ಚಗನ್ನಡದಲ್ಲೇ ಬೇಕೆಂದರೆ ಬಿರಡೆ ಇದೆ.

ಇಲ್ಲಿಂದ ಮುಂದೆ ಪದ ಮಗ್ಗುಲು ಬದಲಿಸಿತು. ಮುಚ್ಚುವ ವಸ್ತುವಿನ ಹೆಸರು ಮುಚ್ಚಬೇಕಾದ ತೂತಿಗೇ ಹೋಯಿತು. 1600ರ ಸುಮಾರಿಗೆ ಶೇಕ್ಸ್‌ಪಿಯರ್ ‘ಹ್ಯಾಮ್ಲೆಟ್’ ನಾಟಕದಲ್ಲಿ ಕೊಳಲಿನ ಬೆರಳುತೂತುಗಳನ್ನೇ ಸ್ಟಾಪು ಎನ್ನುತ್ತಾನೆ. ಇದೇನು ತೀರ ದೂರದ ಸಂಗತಿಯಲ್ಲ. ಕಂಪನಿ ನಾಟಕದ ಕಾಲದ ಹಾರ್ಮೋನಿಯಂ ನೋಡಿದವರಿಗೆ ಗೊತ್ತು, ಮುಂಭಾಗದಲ್ಲಿ ಸಾಲಾಗಿ ಎಳೆಯುವ ಗುಂಡಿಗಳಿರುತ್ತವೆ. ಅವುಗಳ ಹೆಸರೂ ಸ್ಟಾಪೇ. ಒಳಕ್ಕೆ ಒತ್ತಿದರೆ ಗಾಳಿಯ ದಾರಿ ಮುಚ್ಚುತ್ತದೆ, ಹೊರಕ್ಕೆ ಎಳೆದರೆ ತೆರೆಯುತ್ತದೆ. ಮಾಸ್ತರರು ‘ಎಲ್ಲ ಸ್ಟಾಪೂ ಎಳಿ’ ಎಂದರೆ ಎಲ್ಲ ಬಾಯಿಯನ್ನೂ ಬಿಡಿಸು ಎಂದರ್ಥ. ಹೆಸರು ಮುಚ್ಚುವುದರದು, ಕೆಲಸ ತೆರೆಯುವುದು.

ಬೆಳಕಿಗೂ ಇದೇ ಆಯಿತು. ಹಂಚಿನ ಮನೆಯ ಅಡುಗೆಕೋಣೆಯ ಗವಾಕ್ಷಿಯಿಂದ ನೆಲಕ್ಕೆ ಬಿದ್ದ ದುಂಡನೆ ಬಿಸಿಲನ್ನು ಅಂಗೈಯಲ್ಲಿ ಹಿಡಿಯಲು ಹೋಗದ ಮಕ್ಕಳಿಲ್ಲ. ಹಂಪಿಗೆ ಹೋದರೆ ಅದರ ದೊಡ್ಡಣ್ಣನನ್ನು ಕಾಣಬಹುದು. ವಿರೂಪಾಕ್ಷ ದೇಗುಲದ ಹಿಂಬದಿಯ ಕತ್ತಲೆಯ ಮಂಟಪದಲ್ಲಿ, ಗೋಡೆಯ ಸಣ್ಣ ಕಂಡಿಯಿಂದ ತೂರಿದ ಬೆಳಕು ಎದುರು ಗೋಡೆಯ ಮೇಲೆ ರಾಜಗೋಪುರವನ್ನು ತಲೆಕೆಳಗಾಗಿ ಬರೆಯುತ್ತದೆ. ಗೈಡುಗಳು ಅದನ್ನು ಗೋಪುರದ ನೆರಳು ಎನ್ನುತ್ತಾರೆ. ನೆರಳಲ್ಲ ಅದು, ಬಿಂಬ. ಗೋಡೆ ಉಳಿದ ಬೆಳಕನ್ನೆಲ್ಲ ತಡೆದು ಒಂದಿಷ್ಟನ್ನು ಮಾತ್ರ ಬಿಟ್ಟದ್ದರಿಂದ ಅಲ್ಲಿ ಗೋಪುರ ಮೂಡಿದೆ. ಆ ಗೋಡೆಯನ್ನು ಒಡೆದು ಹಾಕಿದರೆ ಬೆಳಕು ಧಾರಾಳ, ಗೋಪುರ ಮಾತ್ರ ಮಾಯ.

ಲೆನ್ಸು ಮಾಡುವವರು ಅದೇ ಗೋಡೆಯನ್ನು ಅಂಗೈಯಗಲಕ್ಕೆ ಇಳಿಸಿದರು. ಗಾಜಿನ ಅಂಚಿನಿಂದ ಬರುವ ಬೆಳಕು ಚಿತ್ರವನ್ನು ಮಂಕು ಮಾಡುತ್ತದೆಂದು ನಡುವೆ ತೂತಿರುವ ಬಿಲ್ಲೆಯೊಂದನ್ನು ಅಡ್ಡ ಇಟ್ಟರು. ಅಂಚಿನ ಬೆಳಕನ್ನು ತಡೆಯುವ ಬಿಲ್ಲೆ, ಆದ್ದರಿಂದ ಸ್ಟಾಪ್. 1858ರಲ್ಲಿ ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸ್ ಊರಿನ ಜಾನ್ ವಾಟರ್‌ಹೌಸ್ ಎಂಬಾತ ಇದನ್ನು ಸಲೀಸು ಮಾಡಿದ. ಲೆನ್ಸಿನ ಕೊಳವೆಗೆ ಪಕ್ಕದಲ್ಲಿ ಒಂದು ಸೀಳು, ಅದರೊಳಗೆ ಇಳಿಬಿಡಲು ಬೇರೆ ಬೇರೆ ಅಳತೆಯ ತೂತಿರುವ ಲೋಹದ ತಗಡುಗಳು. ಇವತ್ತಿಗೂ ಹಳೆಯ ಸಾಮಾನು ಸಂಗ್ರಹಿಸುವವರು ಅವನ್ನು ‘ವಾಟರ್‌ಹೌಸ್ ಸ್ಟಾಪ್’ ಎಂದೇ ಕರೆಯುತ್ತಾರೆ. ಅದೇ ಶತಮಾನದಲ್ಲಿ ಕಲ್ಕತ್ತೆಯ ಸರ್ವೆ ಕಚೇರಿಯಲ್ಲಿ ಫೋಟೊಗ್ರಫಿಯ ಪ್ರಯೋಗಗಳಿಗೆ ಹೆಸರಾದ ಜೇಮ್ಸ್ ವಾಟರ್‌ಹೌಸ್ ಬೇರೆ ಮನುಷ್ಯ, ಇಬ್ಬರನ್ನೂ ಒಂದು ಮಾಡುವವರಿದ್ದಾರೆ. ಒಂದು ತಗಡು ತೆಗೆದು ಇನ್ನೊಂದು ಹಾಕುವಾಗ ಛಾಯಾಗ್ರಾಹಕನ ಗಮನವೆಲ್ಲ ತಗಡಿನ ಮೇಲಲ್ಲ, ಅದರ ತೂತಿನ ಮೇಲೆ. ಹೆಸರು ಸದ್ದಿಲ್ಲದೆ ತಗಡಿನಿಂದ ತೂತಿಗೆ ಜಾರಿತು. ದೊಡ್ಡ ಸ್ಟಾಪು ಎಂದರೆ ದೊಡ್ಡ ತೂತು.

ತೂತು ಅಳತೆಯಾದದ್ದು ಹೇಗೆ? ತಗಡುಗಳನ್ನು ಮನಸ್ಸಿಗೆ ಬಂದ ಹಾಗೆ ಕೊರೆದರೆ ಲೆಕ್ಕ ಸಿಗುವುದಿಲ್ಲ. ಒಂದರಿಂದ ಮುಂದಿನದಕ್ಕೆ ಹೋದಾಗ ಬೆಳಕು ಸರಿಯಾಗಿ ಅರ್ಧವಾಗಬೇಕು ಎಂಬ ಕಟ್ಟಳೆ ಬಂತು. ಬ್ರಿಟನ್ನಿನ ಫೋಟೊಗ್ರಫಿ ಸಂಘ 1881ರಲ್ಲಿ ‘ಯೂನಿಫಾರ್ಮ್ ಸಿಸ್ಟಮ್’ ಎಂಬ ಸಂಖ್ಯಾಕ್ರಮವನ್ನು ತಂದಿತು: 1, 2, 4, 8, 16, 32. ಸಂಖ್ಯೆ ಇಮ್ಮಡಿಯಾದರೆ ಒಡ್ಡಬೇಕಾದ ಹೊತ್ತೂ ಇಮ್ಮಡಿ. ಮಗ್ಗಿ ಬಲ್ಲವನಿಗೆ ಇದಕ್ಕಿಂತ ಸುಲಭದ್ದಿಲ್ಲ. ಕೊಡಾಕ್ ಕಂಪನಿಯ ಹಳೆಯ ಮಡಚುವ ಕ್ಯಾಮೆರಾಗಳ ಮೇಲೆ 4, 8, 16, 32 ಎಂದು ಕೆತ್ತಿರುವುದು ಈ ಕ್ರಮವೇ. ಅದರ 4 ಈಗಿನ ಲೆನ್ಸುಗಳ ಎಫ್ 8, ಅದರ 8 ನಮ್ಮ ಎಫ್ 11, 16 ಮಾತ್ರ ಎರಡರಲ್ಲೂ 16. ಗುಜರಿಯಲ್ಲಿ ಅಂಥ ಕ್ಯಾಮೆರಾ ಕೊಂಡು ‘ಎಫ್ 4 ಲೆನ್ಸು ಸಿಕ್ಕಿತು’ ಎಂದು ಬೀಗಿದವರು ಇದ್ದಾರೆ.

ಆ ಸರಳ ಕ್ರಮ ಸೋತಿತು. ಗೆದ್ದದ್ದು 1.4, 2, 2.8, 4, 5.6, 8, 11, 16, 22 ಎಂಬ ಈ ಡೊಂಕು ಸಾಲು. ಲೆನ್ಸಿನ ನಾಭಿದೂರವನ್ನು ಕಂಡಿಯ ಅಗಲದಿಂದ ಭಾಗಿಸಿದರೆ ಬರುವ ಎಫ್ ಸಂಖ್ಯೆ ಇದು. 50 ಮಿಲಿಮೀಟರ್ ಲೆನ್ಸನ್ನು 8ಕ್ಕೆ ಇಟ್ಟರೆ ಕಂಡಿಯ ಅಗಲ ಆರೂಕಾಲು ಮಿಲಿಮೀಟರ್, ಹೆಚ್ಚುಕಡಿಮೆ ಒಂದು ಕಡಲೆಕಾಳಿನಷ್ಟು. 4ಕ್ಕೆ ಇಟ್ಟರೆ ಹನ್ನೆರಡೂವರೆ. ಅಗಲ ಇಮ್ಮಡಿಯಾದರೆ ಹರವು ನಾಲ್ಕು ಪಟ್ಟು, ಆದ್ದರಿಂದ ಎಂಟರಿಂದ ನಾಲ್ಕಕ್ಕೆ ಎರಡು ಸ್ಟಾಪು. ಭಾಗಾಕಾರದಲ್ಲಿ ಅಗಲ ಕೆಳಗಿರುವುದರಿಂದ ಕಂಡಿ ಕಿರಿದಾದಷ್ಟೂ ಸಂಖ್ಯೆ ಹಿರಿದಾಗುತ್ತದೆ. ನನ್ನ ಬೀಗರು ಕತ್ತಲಲ್ಲಿ ನಿಂತದ್ದು ಈ ಭಾಗಾಕಾರದ ದೆಸೆಯಿಂದ.

ಇಷ್ಟಾದರೂ ಈ ಡೊಂಕು ಸಾಲು ಗೆದ್ದದ್ದು ಒಳ್ಳೆಯದೇ ಆಯಿತು ಎನ್ನುತ್ತೇನೆ. ಫ್ಲ್ಯಾಶ್ ಬಳಸುವವನಿಗೆ ಇದು ಗೊತ್ತಾಗುತ್ತದೆ.

ಮೊದಲು ಫ್ಲ್ಯಾಶಿನ ಬೆಳಕು ಲೆಕ್ಕಕ್ಕೆ ಸಿಕ್ಕಿದ್ದು ಹೇಗೆಂದು ನೋಡೋಣ.

1887ರಲ್ಲಿ ಜರ್ಮನಿಯ ಅಡಾಲ್ಫ್ ಮೀಥೆ ಮತ್ತು ಯೋಹಾನ್ನೆಸ್ ಗೇಡಿಕೆ ಮೆಗ್ನೀಸಿಯಂ ಪುಡಿಗೆ ಪೊಟ್ಯಾಸಿಯಂ ಕ್ಲೋರೇಟ್ ಮತ್ತು ಆಂಟಿಮನಿ ಸಲ್ಫೈಡ್ ಬೆರೆಸಿ ಫ್ಲ್ಯಾಶ್ ಪುಡಿ ಮಾಡಿದರು. ತಟ್ಟೆಯಲ್ಲಿ ಸುರಿದು ಬೆಂಕಿ ತಾಗಿಸಿದರೆ ಭಗ್ ಎಂದು ಹೊತ್ತಿ ಕೋಣೆಯೆಲ್ಲ ಹೊಗೆ. ಎಷ್ಟು ಪುಡಿ, ಹೇಗೆ ಹರಡಿದೆ, ತೇವ ಎಳೆದಿದೆಯೋ ಇಲ್ಲವೋ ಎಂಬುದರ ಮೇಲೆ ಪ್ರತಿ ಸಲವೂ ಬೆಳಕು ಬೇರೆ. ಅಲ್ಲಿ ಸ್ಟಾಪು ಆಯ್ಕೆ ಮಾಡುವುದು ಅಡುಗೆಯವರು ಉಪ್ಪು ಹಾಕಿದ ಹಾಗೆ, ಕೈ ಅಂದಾಜು. 1930ರ ಹೊತ್ತಿಗೆ ಗಾಜಿನ ಬುರುಡೆಯೊಳಗೆ ಅಲ್ಯೂಮಿನಿಯಂ ಹಾಳೆ, ಆಮ್ಲಜನಕ ತುಂಬಿದ ಬಲ್ಬು ಬಂತು. ಒಂದು ಬಲ್ಬಿಗೆ ಒಂದು ಮಿಂಚು, ಆಮೇಲೆ ಬಿಸಾಡು. ಕಾರ್ಖಾನೆಯ ಸಾಮಾನಾದ್ದರಿಂದ ಒಂದೊಂದು ಬಲ್ಬಿನ ಬೆಳಕೂ ಇನ್ನೊಂದರ ಹಾಗೇ. ಆ ದಶಕದ ಕೊನೆಗೆ ಡಬ್ಬಿಯ ಮೇಲೆ ಒಂದು ಸಂಖ್ಯೆ ಅಚ್ಚು ಹಾಕುವ ಧೈರ್ಯ ಕಂಪನಿಗಳಿಗೆ ಬಂದದ್ದು ಹೀಗೆ. ಗೈಡ್ ನಂಬರ್ ಎಂದರೆ ಅದೇ. ಬಲ್ಬು ಹೋಗಿ ಎಲೆಕ್ಟ್ರಾನಿಕ್ ಫ್ಲ್ಯಾಶ್ ಬಂದರೂ ಆ ಸಂಖ್ಯೆ ಉಳಿದುಕೊಂಡಿತು.

ಲೆಕ್ಕ ಒಂದೇ ಸಾಲಿನದು. ಗೈಡ್ ನಂಬರನ್ನು ದೂರದಿಂದ ಭಾಗಿಸು, ಸ್ಟಾಪು ಸಿಗುತ್ತದೆ. 80ರ ಫ್ಲ್ಯಾಶಿಗೆ ಐದಡಿಯಲ್ಲಿ 16, ಏಳಡಿಯಲ್ಲಿ 11, ಹತ್ತಡಿಯಲ್ಲಿ 8, ಹದಿನಾಲ್ಕಡಿಯಲ್ಲಿ 5.6, ಇಪ್ಪತ್ತಡಿಯಲ್ಲಿ 4. ಶಟರ್ ವೇಗಕ್ಕೆ ಇಲ್ಲಿ ಮಾತಿಲ್ಲ. ಫ್ಲ್ಯಾಶ್ ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತಿನಲ್ಲಿ ಬಂದು ಹೋಗಿರುತ್ತದೆ. ಶಟರು ಪೂರ್ತಿ ತೆರೆದಿದ್ದರೆ ಸಾಕು, ಅದಕ್ಕಿಂತ ಎಷ್ಟು ಹೊತ್ತು ತೆರೆದಿದ್ದರೂ ಫ್ಲ್ಯಾಶಿನ ಬೆಳಕು ಒಂದು ಹನಿ ಹೆಚ್ಚು ಬೀಳುವುದಿಲ್ಲ. ಹೀಗಾಗಿ ಫ್ಲ್ಯಾಶಿನ ಲೆಕ್ಕವೆಂದರೆ ಸ್ಟಾಪಿನ ಲೆಕ್ಕವೇ.

ಈಗ ಆ ಡೊಂಕು ಸಾಲಿನ ಸೊಗಸು ನೋಡಿ. ದೂರ ಇಮ್ಮಡಿಯಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ, ಕಂಡಿಯ ಅಗಲ ಅರ್ಧವಾದಾಗ ಇಳಿಯುವ ಹಾಗೇ. ಆದ್ದರಿಂದ ಲೆನ್ಸಿನ ಮೇಲೆ ಕೆತ್ತಿದ ಸಂಖ್ಯೆಗಳನ್ನೇ ಅಡಿಗಳೆಂದು ಓದಿಕೊಳ್ಳಬಹುದು. ನಾಲ್ಕಡಿ, ಐದೂವರೆ ಅಡಿ, ಎಂಟಡಿ, ಹನ್ನೊಂದಡಿ, ಹದಿನಾರಡಿ: ಒಂದೊಂದು ಹೆಜ್ಜೆಗೂ ಒಂದೊಂದು ಸ್ಟಾಪು ಬೆಳಕು ನಷ್ಟ. ಯಜಮಾನರು ಛತ್ರದ ನೆಲದ ಟೈಲುಗಳನ್ನು ಎಣಿಸಿ ದೂರ ಹೇಳುತ್ತಿದ್ದರು. ಕಾಗದ ಪೆನ್ನು ಹಿಡಿದದ್ದನ್ನು ನಾನು ಕಂಡಿಲ್ಲ. ‘ಯೂನಿಫಾರ್ಮ್ ಸಿಸ್ಟಮ್’ ಗೆದ್ದಿದ್ದರೆ ಈ ಸಲೀಸು ಇರುತ್ತಿರಲಿಲ್ಲ. ದೂರವನ್ನು ವರ್ಗ ಮಾಡಿ ಭಾಗಿಸುತ್ತ ನಿಲ್ಲುವಷ್ಟರಲ್ಲಿ ಮದುಮಗ ತಾಳಿ ಕಟ್ಟಿ ಮುಗಿಸಿರುತ್ತಿದ್ದ.

ಅರ್ಧ ಸ್ಟಾಪು ಎಂದರೆ ಏನೆಂದು ನನಗೆ ಕಣ್ಣಾರೆ ತೋರಿಸಿದ್ದು ಗ್ರೂಪ್ ಫೋಟೊ. ಮುಂದಿನ ಸಾಲು ಹತ್ತಡಿಯಲ್ಲಿ, ಹಿಂದಿನ ಸಾಲು ಹದಿನಾಲ್ಕಡಿಯಲ್ಲಿ ಇದ್ದರೆ ಇಬ್ಬರ ನಡುವೆ ಒಂದು ಸ್ಟಾಪಿನ ಅಂತರ. ಕುರ್ಚಿಯಲ್ಲಿ ಕೂತ ಅಜ್ಜಿಯರು ಸುಣ್ಣ ಬಳಿದ ಹಾಗೆ ಬಿಳಿಚಿದರೆ, ಬೆಂಚಿನ ಮೇಲೆ ಹತ್ತಿ ನಿಂತ ಸೋದರಮಾವಂದಿರು ಹೊಗೆ ಹಿಡಿದ ಹಾಗೆ. ಪರಿಹಾರ ಹಿಂದೆ ಸರಿಯುವುದು. ಇಪ್ಪತ್ತಡಿಗೆ ಹೋದರೆ ಹಿಂದಿನವರು ಇಪ್ಪತ್ತನಾಲ್ಕಡಿಯಲ್ಲಿರುತ್ತಾರೆ, ನಾಲ್ಕಡಿ ಅಂತರ ಹಾಗೇ ಇದ್ದರೂ ಬೆಳಕಿನ ಅಂತರ ಅರ್ಧ ಸ್ಟಾಪಿಗೆ ಇಳಿಯುತ್ತದೆ. ಆ ಅರ್ಧ ಸ್ಟಾಪನ್ನು ಪ್ರಿಂಟು ನುಂಗಿಕೊಳ್ಳುತ್ತದೆ. ಆದರೆ ಇಪ್ಪತ್ತಡಿಗೆ ನಾಲ್ಕಕ್ಕೆ ತೆರೆಯಬೇಕು. ಒಂದು ಕಡೆ ಉಳಿಸಿದ್ದನ್ನು ಇನ್ನೊಂದು ಕಡೆ ತೆತ್ತದ್ದಾಯಿತು.

ಗೈಡ್ ನಂಬರ್ ಗೈಡೇ ಹೊರತು ಕಾನೂನಲ್ಲ. ಪರೀಕ್ಷೆಯ ಗೈಡಿನ ಹಾಗೆ, ಪಾಸು ಮಾಡಿಸುತ್ತದೆ, ಬುದ್ಧಿ ಕಲಿಸುವುದಿಲ್ಲ. ಬಿಳಿ ಗೋಡೆ, ತಗ್ಗು ಚಾವಣಿಯ ಸಾಧಾರಣ ಕೋಣೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಕೊಟ್ಟ ಸಂಖ್ಯೆ ಅದು. ರಾತ್ರಿ ಬಯಲಿನಲ್ಲಿ ಆರತಕ್ಷತೆ ನಡೆದರೆ ಬೆಳಕನ್ನು ಹಿಂತಿರುಗಿಸುವ ಗೋಡೆಯಿಲ್ಲ, ಒಂದು ಸ್ಟಾಪು ಹೆಚ್ಚು ತೆರೆಯಲೇಬೇಕು. ಇನ್ನೊಂದು ಹಳ್ಳ ಅಡಿ ಮತ್ತು ಮೀಟರಿನದು. ನಮ್ಮ 80ರ ಫ್ಲ್ಯಾಶೇ ಮೀಟರ್ ಲೆಕ್ಕದಲ್ಲಿ 24 ಆಗುತ್ತದೆ. ಡಬ್ಬಿಯಲ್ಲಿ 24 ಎಂದು ನೋಡಿ ಅದನ್ನು ಹತ್ತಡಿಯಿಂದ ಭಾಗಿಸಿದರೆ ಮೂರೂವರೆ ಸ್ಟಾಪು ಹೆಚ್ಚು, ಮದುಮಕ್ಕಳು ಬೆಳಕಿನಲ್ಲಿ ಐಕ್ಯ. ಇನ್ನು ಒಂದು ಸಾಲದೆಂದು ಅದೇ ಅಳತೆಯ ಎರಡನೇ ಫ್ಲ್ಯಾಶ್ ಕೊಂಡವರು ಗೈಡ್ ನಂಬರ್ 160 ಆಯಿತೆಂದು ಹಿಗ್ಗುತ್ತಾರೆ. ಆಗುವುದು 113 ಮಾತ್ರ. ಬೆಳಕು ಇಮ್ಮಡಿಯಾಗಿದೆ, ಅಂದರೆ ಸಿಕ್ಕಿದ್ದು ಒಂದೇ ಸ್ಟಾಪು. 160 ಬೇಕಿದ್ದರೆ ನಾಲ್ಕು ಫ್ಲ್ಯಾಶ್ ಬೇಕು, ಅಥವಾ 100ರ ಫಿಲ್ಮಿನ ಬದಲು 400ರದ್ದು ಹಾಕಬೇಕು. ಎರಡನೆಯದು ಅಗ್ಗ.

ಫಿಲ್ಮಿಗೂ ಸ್ಟಾಪು ಬಂತು ನೋಡಿ. ಪದ ಇಲ್ಲಿ ತೂತನ್ನೂ ಬಿಟ್ಟು ಹೊರಟಿದೆ. 100ರಿಂದ 200ಕ್ಕೆ ಒಂದು ಸ್ಟಾಪು, ಶಟರ್ 60ರಿಂದ 125ಕ್ಕೆ ಒಂದು ಸ್ಟಾಪು, ಫ್ಲ್ಯಾಶಿನ ಬಲ ಪೂರ್ತಿಯಿಂದ ಅರ್ಧಕ್ಕೆ ಒಂದು ಸ್ಟಾಪು. ಅಲ್ಲೆಲ್ಲೂ ಕಂಡಿಯಿಲ್ಲ, ತಗಡಿಲ್ಲ, ನಾರಿನ ಉಂಡೆಯಂತೂ ಇಲ್ಲವೇ ಇಲ್ಲ. ಇಮ್ಮಡಿ ಅಥವಾ ಅರ್ಧ ಎಂಬ ಬರೀ ಅನುಪಾತಕ್ಕೆ ಸ್ಟಾಪು ಎಂಬ ಹೆಸರು. ಈಗಿನ ಕ್ಯಾಮೆರಾ ಮಾರುವವರು ‘ಹದಿನಾಲ್ಕು ಸ್ಟಾಪಿನ ಸೆನ್ಸರ್’ ಎನ್ನುತ್ತಾರೆ. ಕಪ್ಪಿನಿಂದ ಬಿಳುಪಿನವರೆಗೆ ಬೆಳಕು ಹದಿನಾಲ್ಕು ಸಲ ಇಮ್ಮಡಿಸಿದರೂ ಅದು ತಾಳಿಕೊಳ್ಳುತ್ತದೆ ಎಂದು ಅರ್ಥ. ಸಿನಿಮಾದವರು ಗಾಜು ನುಂಗಿದ ಬೆಳಕನ್ನೂ ಕಳೆದು ‘ಟಿ ಸ್ಟಾಪ್’ ಎಂಬ ಬೇರೆ ಲೆಕ್ಕವನ್ನೇ ಇಟ್ಟುಕೊಂಡಿದ್ದಾರೆ. ಲೆನ್ಸಿನ ಮುಂದೆ ಹಾಕುವ ಕಪ್ಪು ಗಾಜಿಗೆ ‘ಮೂರು ಸ್ಟಾಪ್ ಫಿಲ್ಟರ್’ ಎನ್ನುತ್ತಾರಲ್ಲ, ಅದೊಂದರಲ್ಲಿ ಮಾತ್ರ ಹಳೆಯ ಅರ್ಥ ಮತ್ತೆ ತಲೆ ಹಾಕುತ್ತದೆ. ಎಂಟರಲ್ಲಿ ಏಳು ಪಾಲು ಬೆಳಕನ್ನು ಅದು ನಿಜಕ್ಕೂ ತಡೆಯುತ್ತದೆ.

ಪಠ್ಯಗಳಲ್ಲಿ ಕಂಡಿಗೆ ದ್ಯುತಿರಂಧ್ರ ಎಂದು ಬರೆಯುತ್ತಾರೆ. ನನಗಿಷ್ಟ ಬೆಳಕಿಂಡಿ. ಸ್ಟಾಪಿಗೆ ಮಾತ್ರ ಕನ್ನಡ ಹುಡುಕುವ ಗೋಜಿಗೆ ಹೋಗುವುದು ಬೇಡ. ನಿಲುಗಡೆ ಎಂದರೆ ಸಾರಿಗೆ ಸಂಸ್ಥೆಯ ಬೋರ್ಡು ಕಣ್ಣಿಗೆ ಬರುತ್ತದೆ, ತಡೆ ಎಂದರೆ ಯಾವುದೋ ಪ್ರತಿಭಟನೆ. ನಾವು ಈ ಪದವನ್ನು ಬಸ್ಸಿನ ದಾರಿಯಲ್ಲಿ ಮೊದಲೇ ಪಳಗಿಸಿಕೊಂಡಿದ್ದೇವೆ. ಲೆನ್ಸಿನ ಉಂಗುರ ತಿರುಗಿಸುವಾಗ ಒಂದೊಂದು ಅಂಕಿಗೂ ಟಿಕ್ ಎಂದು ನಿಂತು ಮುಂದೆ ಹೋಗುವುದು ಸಾಕ್ಷಾತ್ ಲೋಕಲ್ ಬಸ್ಸೇ. ಕೆಲವು ಲೆನ್ಸುಗಳಲ್ಲಿ ಎರಡು ಅಂಕಿಗಳ ನಡುವೆಯೂ ಒಂದು ಟಿಕ್ ಇರುತ್ತದೆ. ಅರ್ಧ ಸ್ಟಾಪು ಅಲ್ಲಿದೆ. ಕೋರಿಕೆ ನಿಲುಗಡೆ ಎಂದುಕೊಳ್ಳಿ.

ತೊಂದರೆ ಇರುವುದು ಪದದಲ್ಲಲ್ಲ, ಅದರ ಪಕ್ಕದಲ್ಲಿ ಬಂದು ಕೂರುವ ಏರಿಸು, ಇಳಿಸು ಎಂಬ ಕ್ರಿಯಾಪದಗಳಲ್ಲಿ. ಏರಿಸಬೇಕಾದದ್ದು ಅಂಕಿಯನ್ನೋ ಬೆಳಕನ್ನೋ ಎಂದು ಅವು ಹೇಳುವುದಿಲ್ಲ. ಆ ಮದುವೆಯ ಪ್ರಿಂಟು ಬಂದ ದಿನದಿಂದ ನಮ್ಮ ಯಜಮಾನರು ಅವೆರಡನ್ನೂ ಬಿಟ್ಟರು. ‘ಒಂದು ಸ್ಟಾಪು ತೆರಿ’ ಅಥವಾ ‘ಒಂದು ಸ್ಟಾಪು ಮುಚ್ಚು’, ಅಷ್ಟೇ. ಅವರಿಗೆ ಲ್ಯಾಟಿನ್ನಿನ ನಾರಿನ ಉಂಡೆ ಗೊತ್ತಿರಲಿಲ್ಲ. ಆದರೂ ಪದವನ್ನು ಅದರ ಮೊದಲ ಕಸುಬಿಗೆ, ಮುಚ್ಚುವುದಕ್ಕೆ, ಕರೆತಂದು ಬಿಟ್ಟಿದ್ದರು. ಆಮೇಲೆ ಆ ಸ್ಟುಡಿಯೊದಲ್ಲಿ ನಾನಿದ್ದ ಏಳು ವರ್ಷ ಈ ತಪ್ಪು ಇನ್ನೊಮ್ಮೆ ಆಗಲಿಲ್ಲ. ಈಗ ಫ್ಲ್ಯಾಶಿನ ಲೆಕ್ಕವನ್ನು ಕ್ಯಾಮೆರಾ ತಾನೇ ಮಾಡಿಕೊಳ್ಳುತ್ತದೆ, ನಿಜ. ಆದರೂ ಅದು ಎಡವಿದಾಗ ಪಕ್ಕದ ಹುಡುಗನಿಗೆ ನೀವು ಬಾಯಿ ಬಿಟ್ಟು ಹೇಳಲೇಬೇಕಾಗುತ್ತದೆ. ಹೇಳುವಾಗ ದಯವಿಟ್ಟು ‘ಇಳಿಸು’ ಎನ್ನಬೇಡಿ, ‘ತೆರಿ’ ಎನ್ನಿ, ಇಲ್ಲವೇ ‘ಮುಚ್ಚು’ ಎನ್ನಿ.